ಶಿಕ್ಷಕರ ಅರ್ಹತಾ ಪರೀಕ್ಷೆ: ವಿಜ್ಞಾನದ ಅಂಕಗಳು ಎಲ್ಲಿ ಕಳೆಯುತ್ತವೆ



ಕಲ್ಯಾಣದುರ್ಗ, ಹಿಂದೂಪುರ, ಮಡಕಶಿರಾ, ರಾಯದುರ್ಗದ ಕಡೆಯ ನಮ್ಮ ಮನೆಗಳಲ್ಲಿ ಬಿ.ಎಸ್‌ಸಿ., ಬಿ.ಎಡ್. ಮುಗಿಸಿ ಕುಳಿತಿರುವ ಮಕ್ಕಳು ಈಗ ಕಡಿಮೆಯೇನಿಲ್ಲ. ಹೊಲ ಮಾರಿ ಓದಿಸಿದವರೂ ಇದ್ದಾರೆ, ಅಂಗಡಿಯ ಬಂಡವಾಳ ತೆಗೆದು ಫೀಸು ಕಟ್ಟಿದವರೂ ಇದ್ದಾರೆ. ಇಷ್ಟೆಲ್ಲ ಮಾಡಿದ ಮೇಲೆ ಮಕ್ಕಳು ನಿಲ್ಲುವುದು ಒಂದೇ ಕಡೆ. ಅದು ಟೆಟ್ ಎಂದು ಕರೆಯಲ್ಪಡುವ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ. ಅದರಲ್ಲಿಯೂ ಗಣಿತ–ವಿಜ್ಞಾನದ ಪತ್ರಿಕೆಯಲ್ಲಿ. ಈ ಬಗ್ಗೆ ನನಗೆ ತಿಳಿದಷ್ಟನ್ನು ಬರೆಯಬೇಕೆಂದು ಬಹಳ ದಿನದಿಂದ ಇತ್ತು. ನಾನು ಬಿ.ಕಾಂ. ಓದಿದವನು, ವಿಜ್ಞಾನ ನನ್ನ ವಿಷಯವಲ್ಲ. ಆದರೂ ಬರೆಯಲು ಒಂದು ಕಾರಣವುಂಟು, ಅದನ್ನು ಮುಚ್ಚಿಡದೆ ಮೊದಲೇ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಕೆಳಗೆ ಕಲ್ಯಾಣದುರ್ಗದ ಹತ್ತಿರದ ಹಳ್ಳಿಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಕಚೇರಿಗೆ ಬಂದರು. ಹುಡುಗಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಇಂಗ್ಲಿಷಿನಲ್ಲಿ ಬಿ.ಎಸ್‌ಸಿ., ನಂತರ ಬಿ.ಎಡ್. "ಕಾರ್ಯದರ್ಶಿಗಳೆ, ಫಾರಂ ತುಂಬೋದು ನಮಗೆ ತಿಳಿಯಲ್ಲ, ನೀವೇ ಒಂದು ಕೈ ಹಾಕಿ" ಎಂದರು. ನಾನು ಕಂಪ್ಯೂಟರಿನ ಮುಂದೆ ಕುಳಿತು ತುಂಬಿದೆ. ಫಲಿತಾಂಶ ಬಂದಾಗ ಹುಡುಗಿಗೆ 150ಕ್ಕೆ 83. ಸಾಮಾನ್ಯ ವರ್ಗಕ್ಕೆ ಬೇಕಾದದ್ದು 90, ನಾಪಾಸು. ಆಮೇಲೆ ಅರ್ಜಿಯ ಪ್ರತಿ ತೆಗೆದು ನೋಡಿದರೆ, ವರ್ಗದ ಕಾಲಂನಲ್ಲಿ ನಾನು ಓ.ಸಿ. ಎಂದು ಒತ್ತಿದ್ದೆ. ಆಂಧ್ರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ವೀರಶೈವ ಲಿಂಗಾಯತರು ಬಿ.ಸಿ.–ಡಿ ಗುಂಪಿನಲ್ಲಿದ್ದಾರೆ. ಬಿ.ಸಿ.ಗೆ 75 ಬಂದರೆ ಸಾಕು. ಆ ಮಗುವಿನ ಹತ್ತಿರ ಸರ್ಟಿಫಿಕೇಟು ಇತ್ತು, ನಾನು ಕೇಳಲಿಲ್ಲ. ಆ ವರ್ಷ ಶೇಂಗಾ ಬೇರೆ ಕೈಕೊಟ್ಟಿತ್ತು. "ಇನ್ನೊಂದು ವರ್ಷ ಮಗಳನ್ನ ಮನೇಲಿ ಕೂರಿಸೋದು ಹೆಂಗೆ ಸ್ವಾಮಿ, ಕೇಳೋರು ಕೇಳ್ತಾರೆ" ಎಂದಷ್ಟೇ ಆ ತಂದೆ ಹೇಳಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ತಪ್ಪಿಗೆ ನಾನೇ ಹಾಕಿಕೊಂಡ ದಂಡವೆಂದರೆ, ಮುಂದಿನ ಪರೀಕ್ಷೆಯವರೆಗೆ ಪ್ರತಿ ಭಾನುವಾರ ಆ ಹುಡುಗಿಯ ಜೊತೆಗೂ ಆಮೇಲೆ ಸೇರಿಕೊಂಡ ಇನ್ನೂ ನಾಲ್ಕೈದು ಮಕ್ಕಳ ಜೊತೆಗೂ ಕುಳಿತು, ಆರರಿಂದ ಹತ್ತನೆಯವರೆಗಿನ ವಿಜ್ಞಾನದ ಪುಸ್ತಕಗಳನ್ನು ಓದಿದ್ದು. ಈ ಲೇಖನ ಆ ಭಾನುವಾರಗಳಿಂದ ಬಂದದ್ದು.

ಮೊದಲು ಪರೀಕ್ಷೆ ಎಂಥದ್ದು ಎಂಬುದನ್ನು ತಂದೆತಾಯಿಗಳು ತಿಳಿಯಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ 23ನೆಯ ಕಲಮಿನ ಪ್ರಕಾರ, ಶಿಕ್ಷಕರಾಗಲು ಕನಿಷ್ಠ ಅರ್ಹತೆ ಏನೆಂದು ಗೊತ್ತುಮಾಡುವ ಅಧಿಕಾರವನ್ನು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿಗೆ ಕೊಡಲಾಯಿತು. ಪರಿಷತ್ತು 2010ರ ಆಗಸ್ಟ್ 23ರಂದು ಹೊರಡಿಸಿದ ಅಧಿಸೂಚನೆಯಲ್ಲಿ, ಒಂದರಿಂದ ಎಂಟನೆಯ ತರಗತಿಯವರೆಗೆ ಪಾಠ ಹೇಳುವವರು ಟೆಟ್ ಪಾಸಾಗಿರಬೇಕೆಂದು ವಿಧಿಸಿತು. ಆಂಧ್ರದಲ್ಲಿ 2011ರಿಂದ ಇದು ನಡೆಯುತ್ತಿದೆ. ಆರರಿಂದ ಎಂಟನೆಯ ತರಗತಿಗೆ ಪಾಠ ಹೇಳಬೇಕೆನ್ನುವವರಿಗೆ ಎರಡನೆಯ ಪತ್ರಿಕೆ. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ಅಂದರೆ ಪ್ರಶ್ನೆಗೆ ಒಂದು ನಿಮಿಷ. ಶಿಶುವಿಕಾಸ ಮತ್ತು ಬೋಧನೆಗೆ 30, ಮೊದಲ ಭಾಷೆಗೆ 30, ಎರಡನೆಯ ಭಾಷೆಯಾದ ಇಂಗ್ಲಿಷಿಗೆ 30, ಗಣಿತ ಮತ್ತು ವಿಜ್ಞಾನಕ್ಕೆ ಕೂಡಿ 60. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಒಮ್ಮೆ ಪಾಸಾದರೆ ಅದು ಜೀವನಪರ್ಯಂತ ಊರ್ಜಿತ.

ಇಷ್ಟೇ ಆಗಿದ್ದರೆ ಪಾಸು ಅಂಕ ತೆಗೆದು ಸುಮ್ಮನಿರಬಹುದಿತ್ತು. ಆದರೆ ಆಂಧ್ರದ ಡಿ.ಎಸ್.ಸಿ. ನೇಮಕಾತಿಯಲ್ಲಿ ಟೆಟ್ ಅಂಕಗಳಿಗೆ ನೂರಕ್ಕೆ 20ರ ತೂಕವಿದೆ. ಇದು ನಮ್ಮಂಥ ಲೆಕ್ಕದವರಿಗೆ ಸುಲಭವಾಗಿ ತಿಳಿಯುವ ವಿಷಯ. 75 ಬಂದವರಿಗೆ ಸಿಗುವುದು 20ಕ್ಕೆ 10. 90ಕ್ಕೆ 12. 120 ಬಂದರೆ 16. ಹತ್ತು ಮತ್ತು ಹದಿನಾರರ ನಡುವೆ ಆರು ಅಂಕ. ನೇಮಕಾತಿಯ ಪಟ್ಟಿಯಲ್ಲಿ ಅರ್ಧ ಅಂಕದೊಳಗೆ ಎಷ್ಟೋ ಮಂದಿ ನಿಂತಿರುತ್ತಾರೆ. ಆದ್ದರಿಂದ ಪಾಸಾದ ಮೇಲೂ ಇನ್ನೊಮ್ಮೆ ಬರೆದು ಅಂಕ ಏರಿಸಿಕೊಳ್ಳುವುದು ದಂಡದ ಖರ್ಚಲ್ಲ. 2025ರಲ್ಲಿ ಆಂಧ್ರ ಸರ್ಕಾರ 16,347 ಹುದ್ದೆಗಳಿಗೆ ಕರೆದ ಡಿ.ಎಸ್.ಸಿ.ಯಲ್ಲಿ ಇದನ್ನು ಅನೇಕರು ಕಣ್ಣಾರೆ ಕಂಡರು.

ಮೊದಲ ಭಾಷೆಯ ವಿಷಯದಲ್ಲಿ ನಮ್ಮ ಮಕ್ಕಳು ಎಡವುವುದನ್ನು ನೋಡಿದ್ದೇನೆ. ತೆಲುಗು, ಉರ್ದು, ಹಿಂದಿ, ತಮಿಳು, ಒಡಿಯಾ, ಸಂಸ್ಕೃತಗಳಂತೆ ಕನ್ನಡವನ್ನೂ ಮೊದಲ ಭಾಷೆಯಾಗಿ ಆರಿಸಿಕೊಳ್ಳಲು ಅವಕಾಶವಿದೆ. ಶಾಲೆಯಲ್ಲಿ ಕನ್ನಡ ಓದಿದ ದಾಖಲೆ ಇರಬೇಕು, ಅಷ್ಟೇ. ಆರಿಸಿದ ಭಾಷೆಯಲ್ಲಿಯೂ ಅದರ ಜೊತೆಗೆ ಇಂಗ್ಲಿಷಿನಲ್ಲಿಯೂ ಪ್ರಶ್ನೆ ಕಾಣಿಸುತ್ತದೆ. ಇದನ್ನು ತಿಳಿಯದೆ, "ಆಂಧ್ರದಲ್ಲಿ ತೆಲುಗೇ ತಗೋಬೇಕು" ಎಂದು ಯಾರೋ ಹೇಳಿದರೆಂದು ತೆಲುಗು ಆರಿಸಿ, 30ಕ್ಕೆ 12 ತೆಗೆದ ಹುಡುಗನೊಬ್ಬ ನಮ್ಮಲ್ಲಿಯೇ ಇದ್ದಾನೆ. ಮನೆಯಲ್ಲಿ, ಸಂತೆಯಲ್ಲಿ ತೆಲುಗು ಆಡುವುದು ಬೇರೆ, ವ್ಯಾಕರಣದ ಪ್ರಶ್ನೆಗೆ ಉತ್ತರ ಕೊಡುವುದು ಬೇರೆ.

ಈಗ ಆ ಹುಡುಗಿಯ 83ರ ಲೆಕ್ಕ. ಶಿಶುವಿಕಾಸ 17, ಕನ್ನಡ 24, ಇಂಗ್ಲಿಷ್ 13, ಗಣಿತ 15, ವಿಜ್ಞಾನ 14. ತಾಳೆ ನೋಡಿದರೆ 83. ನನಗೆ ಆಶ್ಚರ್ಯವಾದದ್ದು ಕೊನೆಯ ಅಂಕಿ. ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಓದಿ ಪದವಿ ಪಡೆದವಳಿಗೆ ವಿಜ್ಞಾನದಲ್ಲಿ 30ಕ್ಕೆ 14 ಏಕೆ? ಪ್ರಶ್ನೆಗಳನ್ನು ಒಂದೊಂದಾಗಿ ಎದುರಿಗಿಟ್ಟು ಕೇಳಿದೆ. ಅರ್ಧಕ್ಕರ್ಧ ಪ್ರಶ್ನೆಗಳಿಗೆ ಆಕೆ ಹೇಳಿದ್ದು ಒಂದೇ ಮಾತು: "ಸಾರ್, ಇದು ನನಗೆ ಗೊತ್ತಿತ್ತು. ಇದರ ಹೆಸರು ಇದು ಅಂತ ಗೊತ್ತಿರಲಿಲ್ಲ."

ಗಡಿಯ ಮಕ್ಕಳ ಮುಖ್ಯ ತೊಡಕು ಇದೇ ಎಂದು ನನ್ನ ಅಭಿಪ್ರಾಯ. ಪಾಠ ಕೇಳಿದ್ದು ಕನ್ನಡದಲ್ಲಿ, ಕಾಲೇಜು ಇಂಗ್ಲಿಷಿನಲ್ಲಿ, ಕೋಚಿಂಗ್ ಪುಸ್ತಕ ತೆಲುಗಿನಲ್ಲಿ. ಒಂದೇ ವಸ್ತುವಿಗೆ ಮೂರು ಹೆಸರು, ಕೆಲವೊಮ್ಮೆ ಒಂದೇ ಹೆಸರಿಗೆ ಎರಡು ವಸ್ತು. ಕನ್ನಡದಲ್ಲಿ ಕಣ ಎಂದರೆ ಅತಿ ಸಣ್ಣ ಚೂರು. ತೆಲುಗಿನ ಜೀವಶಾಸ್ತ್ರದ ಪುಸ್ತಕದಲ್ಲಿ ಕಣಂ ಎಂದರೆ ನಾವು ಜೀವಕೋಶ ಎನ್ನುವುದು, ಇಂಗ್ಲಿಷಿನ ಸೆಲ್. ನಮ್ಮ ಅಂಗಾಂಶ ಅಲ್ಲಿ ಕಣಜಾಲಂ. ನಮ್ಮ ಒತ್ತಡ ಅಲ್ಲಿ ಪೀಡನಂ. ನಮ್ಮ ವೇಗೋತ್ಕರ್ಷ ಅಲ್ಲಿ ತ್ವರಣಂ. ನಾವು ಪ್ರತಿಫಲನ ಎಂದರೆ ಅವರು ಪರಾವರ್ತನಂ ಎನ್ನುತ್ತಾರೆ, ಆದರೆ ವಕ್ರೀಭವನ ಎರಡೂ ಕಡೆ ವಕ್ರೀಭವನವೇ. ನಮ್ಮ ದ್ಯುತಿಸಂಶ್ಲೇಷಣೆಗೆ ತೆಲುಗಿನಲ್ಲಿ ಕಿರಣಜನ್ಯ ಸಂಯೋಗಕ್ರಿಯ. ಕನ್ನಡದಲ್ಲಿಯೇ ಜವ ಬೇರೆ, ವೇಗ ಬೇರೆ. ಜವ ಎಂದರೆ ಸ್ಪೀಡ್, ದಿಕ್ಕು ಸೇರಿದರೆ ವೇಗ, ಅಂದರೆ ವೆಲಾಸಿಟಿ. ಮಾತಿನಲ್ಲಿ ಎಲ್ಲವನ್ನೂ ಸ್ಪೀಡು ಎಂದುಬಿಡುವ ನಮಗೆ ಪರೀಕ್ಷೆಯಲ್ಲಿ ಅಲ್ಲಿಯೇ ಒಂದು ಅಂಕ ಹೋಗುತ್ತದೆ.

ಆದ್ದರಿಂದ ನಾವು ಮಾಡಿದ ಮೊದಲ ಕೆಲಸ ಓದುವುದಲ್ಲ, ಖಾತೆ ಪುಸ್ತಕ ತೆರೆಯುವುದು. ಉದ್ದನೆಯ ಲೆಡ್ಜರು ಒಂದನ್ನು ತೆಗೆದುಕೊಂಡು ಮೂರು ಕಾಲಂ ಎಳೆದೆವು: ಕನ್ನಡ, ಇಂಗ್ಲಿಷ್, ತೆಲುಗು. ಆರನೆಯ ತರಗತಿಯ ಮೊದಲ ಪಾಠದಿಂದ ಹಿಡಿದು ದಪ್ಪ ಅಕ್ಷರದ ಪ್ರತಿ ಪದವನ್ನೂ ಬರೆಯುತ್ತ ಹೋದೆವು. ಇಂಗ್ಲಿಷ್ ಪದದ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿಯೇ ಬರೆದರೂ ಸರಿ ಎಂದೆ, ಕಾಗುಣಿತ ಆಮೇಲೆ ಬರುತ್ತದೆ. ಎರಡೂವರೆ ತಿಂಗಳಲ್ಲಿ ಪುಸ್ತಕ ತುಂಬಿತು. ಅಂಗಡಿಯವರ ಮಕ್ಕಳಿಗೆ ಈ ಪದ್ಧತಿ ಹೇಳಿಕೊಡಬೇಕಾಗಿಯೇ ಬರಲಿಲ್ಲ.

ಎರಡನೆಯದಾಗಿ, ಪ್ರಶ್ನೆಗಳು ಆರರಿಂದ ಎಂಟನೆಯ ತರಗತಿಯ ಪಾಠದ ಮೇಲೆ ಇದ್ದರೂ ಆಳ ಮಾತ್ರ ಇಂಟರ್‌ಮೀಡಿಯಟ್‌ವರೆಗೆ ಹೋಗಬಹುದೆಂದು ಸರ್ಕಾರವೇ ಹೇಳಿದೆ. ಅಂದರೆ ಎಂಟನೆಯ ಪುಸ್ತಕವನ್ನು ಬಾಯಿಪಾಠ ಮಾಡಿದರೆ ಸಾಲದು, "ಏಕೆ" ಎಂಬುದು ತಿಳಿದಿರಬೇಕು. ಈ ಏಕೆಗಳಲ್ಲಿ ಹೆಚ್ಚಿನವು ನಮ್ಮ ಹೊಲದಲ್ಲಿಯೂ ಅಂಗಡಿಯಲ್ಲಿಯೂ ಇವೆ ಎಂಬುದು ನನಗೆ ಗೊತ್ತಾದದ್ದು ಆ ಹುಡುಗಿಯ ತಂದೆಯಿಂದ.

ಒಂದು ಭಾನುವಾರ ಅವರು ಮಗಳನ್ನು ಬಿಡಲು ಬಂದವರು ಬಾಗಿಲ ಹತ್ತಿರ ಕುಳಿತಿದ್ದರು. ಒಳಗೆ ಪ್ರಶ್ನೆ: ಶೇಂಗಾ ಕಾಯಿ ಗಿಡದ ಯಾವ ಭಾಗ? ಬೇರು, ಕಾಂಡ, ಹಣ್ಣು, ಗೆಡ್ಡೆ. ಇಬ್ಬರು ಹುಡುಗರು ಬೇರು ಎಂದರು, ನೆಲದೊಳಗೆ ಇರುವುದರಿಂದ. ಆ ಹಿರಿಯರು ಹೊರಗಿನಿಂದಲೇ, "ಬೇರು ಹೆಂಗಾಗ್ತದಪ್ಪ? ಹಳದಿ ಹೂ ಮೇಲೆ ಬಿಡ್ತದೆ, ಹೂ ಬಾಡಿದ ಮೇಲೆ ಅಲ್ಲಿಂದ ಸೂಜಿ ಹಂಗೆ ಒಂದು ಕಡ್ಡಿ ಇಳಿದು ಮಣ್ಣೊಳಕ್ಕೆ ಹೋಗಿ ಕಾಯಿ ಕಟ್ತದೆ" ಎಂದರು. ಅದೇ ಉತ್ತರ. ಹೂವಿನ ಅಂಡಾಶಯದಿಂದ ಆದದ್ದು ಹಣ್ಣು, ಎಲ್ಲಿ ಬೆಳೆದರೂ ಸರಿ. ಆಲೂಗಡ್ಡೆ ಕಾಂಡ, ಕ್ಯಾರೆಟ್ಟು ಬೇರು, ಈರುಳ್ಳಿಯಲ್ಲಿ ನಾವು ತಿನ್ನುವುದು ದಪ್ಪನಾದ ಎಲೆಯ ಬುಡ, ಶೇಂಗಾ ಹಣ್ಣು. ನಾಲ್ಕನ್ನೂ ಕೂಡಿಸಿ ಒಂದು ಪ್ರಶ್ನೆ ಮಾಡುವುದು ಪರೀಕ್ಷಕರಿಗೆ ಇಷ್ಟ.

ಅವರನ್ನು ಒಳಗೆ ಕರೆದು ಕೂರಿಸಿದೆವು. ಆ ದಿನವೆಲ್ಲ ಶೇಂಗಾ ಗಿಡದ ಮೇಲೆಯೇ ಪಾಠ. ಗಿಡ ಕಿತ್ತಾಗ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುತ್ತವೆ. ರೋಗವೆಂದು ತಿಳಿದವರೂ ಉಂಟು. ಅದರಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ವಾಸಿಸುತ್ತದೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ ಇದ್ದರೂ ಗಿಡ ಅದನ್ನು ನೇರವಾಗಿ ಬಳಸಲಾರದು. ಈ ಬ್ಯಾಕ್ಟೀರಿಯಾ ಅದನ್ನು ಗಿಡ ಬಳಸುವ ರೂಪಕ್ಕೆ ತಿರುಗಿಸುತ್ತದೆ. ಗಿಡ ಅದಕ್ಕೆ ಬದಲಾಗಿ ಸಕ್ಕರೆ ಕೊಡುತ್ತದೆ. ಇಬ್ಬರಿಗೂ ಲಾಭವಿರುವ ಈ ವ್ಯವಹಾರಕ್ಕೆ ಸಹಜೀವನ ಎಂದು ಹೆಸರು. ಗಂಟನ್ನು ಉಗುರಿನಿಂದ ಒಡೆದು ನೋಡಿ. ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಆ ಕೆಂಪು ಲೆಗ್‌ಹಿಮೋಗ್ಲೋಬಿನ್ ಎಂಬ ವಸ್ತುವಿನದು, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ನೆಂಟ. ಗಂಟಿನೊಳಗಿನ ಆಮ್ಲಜನಕವನ್ನು ಹದವಾಗಿಡುವುದು ಅದರ ಕೆಲಸ. ಶೇಂಗಾ, ತೊಗರಿ, ಹುರುಳಿ ಹಾಕಿದ ಹೊಲದಲ್ಲಿ ಮುಂದಿನ ವರ್ಷ ಜೋಳ ಚೆನ್ನಾಗಿ ಬರುವುದೇಕೆ ಎಂಬ ಬೆಳೆ ಪರಿವರ್ತನೆಯ ಪ್ರಶ್ನೆಗೂ ಉತ್ತರ ಇಲ್ಲಿಯೇ ಸಿಕ್ಕಿತು.

ನಂತರ ಜಿಪ್ಸಂ. ಹೂ ಬಿಟ್ಟು ಕಡ್ಡಿ ಇಳಿಯುವ ಹೊತ್ತಿಗೆ ನಾವು ಜಿಪ್ಸಂ ಹಾಕುತ್ತೇವೆ. ಅದು ಕ್ಯಾಲ್ಸಿಯಂ ಸಲ್ಫೇಟು, ಪ್ರತಿ ಅಣುವಿಗೆ ಎರಡು ನೀರಿನ ಅಣು ಅಂಟಿಕೊಂಡಿರುತ್ತದೆ. ಶೇಂಗಾ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಮ್ಮನ್ನು ಹೆಚ್ಚಾಗಿ ಸುತ್ತಲಿನ ಮಣ್ಣಿನಿಂದ ತಾನೇ ಹೀರಿಕೊಳ್ಳುತ್ತದೆ. ಅದು ಸಾಲದಿದ್ದರೆ ಕಾಯಿ ಜೊಳ್ಳು. ಇದೇ ಜಿಪ್ಸಮ್ಮನ್ನು ಹದವಾಗಿ ಕಾಯಿಸಿ ನೀರಿನ ಭಾಗವನ್ನು ಕಳೆದರೆ, ಕೈ ಮುರಿದಾಗ ಕಟ್ಟುವ ಪ್ಲಾಸ್ಟರ್ ಆಫ್ ಪ್ಯಾರಿಸ್. ಅದಕ್ಕೆ ನೀರು ಬೆರೆಸಿದರೆ ಮತ್ತೆ ಜಿಪ್ಸಂ ಆಗಿ ಗಟ್ಟಿಯಾಗುತ್ತದೆ. ಒಂದು ಚೀಲದಿಂದ ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಎರಡೂ ಬಂದವು.

ಇನ್ನು ಬೋರು. ಈ ಸೀಮೆಯಲ್ಲಿ ಬೋರಿನ ಮಾತಿಲ್ಲದ ಮನೆ ಯಾವುದು? ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 550 ಮಿಲಿಮೀಟರಿನ ಆಸುಪಾಸು. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಎಕರೆಗೆ 4,047 ಚದರ ಮೀಟರ್. ಹಾಗಾದರೆ 20 ಮಿಲಿಮೀಟರಿನ ಒಂದು ಒಳ್ಳೆಯ ಮಳೆ ಎಕರೆಯೊಂದಕ್ಕೆ 80,940 ಲೀಟರ್, ಅಂದರೆ ಐದು ಸಾವಿರ ಲೀಟರಿನ ಟ್ಯಾಂಕರು ಹದಿನಾರು. ಈ ಲೆಕ್ಕವನ್ನು ಗಣಿತದ ಭಾಗದಲ್ಲಿಯೂ ಕೇಳಬಹುದು, ವಿಜ್ಞಾನದಲ್ಲಿಯೂ ಕೇಳಬಹುದು.

ಹಳೆಯ ಬಾವಿಗಳ ಕಾಲದಲ್ಲಿ ದಡದ ಮೇಲೆ ಪಂಪು ಇಟ್ಟು ನೀರು ಎಳೆಯುತ್ತಿದ್ದೆವು. ನೀರು ಕೆಳಗಿಳಿದಂತೆ ಪಂಪನ್ನೂ ಬಾವಿಯೊಳಗೆ ಇಳಿಸಬೇಕಾಯಿತು. ಏಕೆ? ಪಂಪು ನೀರನ್ನು ಎಳೆಯುವುದಿಲ್ಲ ಎಂಬುದೇ ಇಲ್ಲಿಯ ಗುಟ್ಟು. ಪಂಪು ಪೈಪಿನೊಳಗಿನ ಗಾಳಿಯನ್ನು ತೆಗೆಯುತ್ತದೆ, ಬಾವಿಯ ನೀರಿನ ಮೇಲೆ ಕುಳಿತಿರುವ ವಾಯುವಿನ ಒತ್ತಡ ನೀರನ್ನು ಮೇಲಕ್ಕೆ ದೂಡುತ್ತದೆ. ವಾಯುವಿನ ಬಲ ಎಷ್ಟೋ ಅಷ್ಟೇ ಎತ್ತರ, ಅಂದರೆ ಸುಮಾರು 10.3 ಮೀಟರ್. ಪಾದರಸವಾದರೆ 76 ಸೆಂಟಿಮೀಟರ್, ಏಕೆಂದರೆ ಅದು ನೀರಿಗಿಂತ 13.6 ಪಟ್ಟು ಭಾರ. ಇಟಲಿ ದೇಶದಲ್ಲಿ ಇದೇ ತೊಂದರೆ ಬಂದಿತ್ತು. ಸುಮಾರು ಹತ್ತು ಮೀಟರಿಗಿಂತ ಮೇಲೆ ಪಂಪಿನಲ್ಲಿ ನೀರು ಏರದೆ ನಿಲ್ಲುವ ಸಂಗತಿಯನ್ನು ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ಬರೆದ. ಅದರ ಕಾರಣವನ್ನು ಪಾದರಸದ ಕೊಳವೆಯಿಂದ ತೋರಿಸಿ, ವಾಯುಭಾರಮಾಪಕಕ್ಕೆ ಕಾರಣನಾದವನು ಟೊರಿಚೆಲಿ. ಸಬ್‌ಮರ್ಸಿಬಲ್ ಮೋಟರಿಗೆ ಈ ಮಿತಿ ಇಲ್ಲ, ಅದು ನೀರಿನೊಳಗೆ ಮುಳುಗಿ ಕೆಳಗಿನಿಂದ ದೂಡುತ್ತದೆ. ಆದ್ದರಿಂದಲೇ ಐನೂರು ಅಡಿಯಿಂದಲೂ ನೀರು ಬರುತ್ತದೆ, ನೀರು ಇದ್ದರೆ.

ಕರೆಂಟಿನ ಲೆಕ್ಕವೂ ಇಲ್ಲಿಯೇ ಸಿಗುತ್ತದೆ. ಒಂದು ಅಶ್ವಶಕ್ತಿ 746 ವ್ಯಾಟ್. ಐದು ಎಚ್.ಪಿ. ಎಂದರೆ 3,730 ವ್ಯಾಟ್, ಅಂದರೆ 3.73 ಕಿಲೋವ್ಯಾಟ್. ಒಂಬತ್ತು ಗಂಟೆ ಓಡಿದರೆ 33.57 ಯೂನಿಟ್. ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಒಂದು ಗಂಟೆ, ಅದರ ಬೆಲೆ 36 ಲಕ್ಷ ಜೂಲ್. ಸಾವಿರ ಲೀಟರ್ ನೀರನ್ನು ನೂರು ಮೀಟರ್ ಎತ್ತಲು ಬೇಕಾದ ಕೆಲಸ, ರಾಶಿ ಗುಣಿಸು 9.8 ಗುಣಿಸು ಎತ್ತರ, 9 ಲಕ್ಷ 80 ಸಾವಿರ ಜೂಲ್. ಯೂನಿಟ್ಟಿನಲ್ಲಿ ಸುಮಾರು 0.27. ಪಂಪಿನ ದಕ್ಷತೆ ಅರ್ಧವೆಂದು ಇಟ್ಟುಕೊಂಡರೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. ಕೆಲಸ, ಶಕ್ತಿ, ಸಾಮರ್ಥ್ಯ, ದಕ್ಷತೆ ಎಂಬ ನಾಲ್ಕು ಪದಗಳನ್ನು ಕಲಸಿಕೊಳ್ಳುತ್ತಿದ್ದ ಮಕ್ಕಳಿಗೆ ಈ ಒಂದು ಲೆಕ್ಕ ಸಾಕಾಯಿತು. ನನಗೂ ಸಾಕಾಯಿತು.

ಬೋರಿನ ನೀರಿನ ಫ್ಲೋರೈಡ್ ಬಗ್ಗೆ ಹೇಳದೆ ಬಿಡುವಂತಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ಒಂದು ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ. ಮೀರಿದರೆ ಹಲ್ಲಿನ ಮೇಲೆ ಕಂದು ಗೀರು, ಮುಂದೆ ಮೂಳೆ ಬಾಗುವುದು. ಪಟಕ ಮತ್ತು ಸುಣ್ಣ ಹಾಕಿ ಫ್ಲೋರೈಡ್ ತೆಗೆಯುವ ವಿಧಾನಕ್ಕೆ ನಲಗೊಂಡ ಪದ್ಧತಿ ಎಂದೇ ಹೆಸರಿದೆ. ಪರೀಕ್ಷೆಗಲ್ಲದಿದ್ದರೂ ನಮ್ಮ ಸೀಮೆಯ ಶಿಕ್ಷಕರು ಇದನ್ನು ತಿಳಿದಿರಲೇಬೇಕು.

ವರ್ತಕ ಬಾಂಧವರಿಗೆ ಎರಡು ಮಾತು. ಸಾಂದ್ರತೆ ಎಂಬ ಪಾಠ ನಿಮ್ಮ ಎಣ್ಣೆ ಡಬ್ಬದಲ್ಲಿದೆ. ಶೇಂಗಾ ಎಣ್ಣೆ ಒಂದು ಲೀಟರಿಗೆ ಸುಮಾರು 910 ಗ್ರಾಂ ತೂಗುತ್ತದೆ, ಆದ್ದರಿಂದಲೇ ನೀರಿನ ಮೇಲೆ ತೇಲುತ್ತದೆ. 15 ಲೀಟರ್ ಡಬ್ಬದಲ್ಲಿ 13.65 ಕಿಲೋ, 15 ಕಿಲೋ ಡಬ್ಬದಲ್ಲಿ ಸುಮಾರು ಹದಿನಾರೂವರೆ ಲೀಟರ್. ಗಿರಾಕಿಗೆ ಗೊತ್ತಿರಲಿ ಬಿಡಲಿ, ನಿಮ್ಮ ಮಕ್ಕಳಿಗೆ ಗೊತ್ತಿದೆ. ಪುಸ್ತಕದಲ್ಲಿ ಅದಕ್ಕಿರುವ ಹೆಸರನ್ನು ಮಾತ್ರ ಕಲಿಸಬೇಕು. ತಕ್ಕಡಿ ಮೊದಲನೆಯ ವರ್ಗದ ಸನ್ನೆ, ಆಧಾರ ನಡುವೆ. ಅಡಿಕೆ ಕತ್ತರಿ ಎರಡನೆಯದು, ಭಾರ ನಡುವೆ. ಚಿಮಟ ಮೂರನೆಯದು, ಬಲ ನಡುವೆ. ಹಿಂದೂಪುರದ ಹುಣಸೆ ಮಾರುಕಟ್ಟೆಯವರಿಗೆ ಟಾರ್ಟಾರಿಕ್ ಆಮ್ಲದ ಹೆಸರು ಹೇಳಿದರೆ ನಗುತ್ತಾರೆ, ಆದರೆ ಹುಳಿ ಅದರದೇ. ನಿಂಬೆಯದು ಸಿಟ್ರಿಕ್, ಮೊಸರಿನದು ಲ್ಯಾಕ್ಟಿಕ್. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದು ಪ್ರತ್ಯಾಮ್ಲದ ಗುರುತು, ಹುಣಸೆ ನೀರು ಹಾಕಿದರೆ ಮತ್ತೆ ಹಳದಿ.

ರೇಷ್ಮೆ ಸಾಕುವ ಮನೆಯವರ ಮಗನೊಬ್ಬ ಕೀಟದ ಜೀವನಚಕ್ರದ ಪ್ರಶ್ನೆ ತಪ್ಪಿಸಿಕೊಂಡಿದ್ದ. ಅವನಿಗೆ ಬೈಯಲು ನನಗೆ ಮನಸ್ಸಾಗಲಿಲ್ಲ. ಮನೆಯಲ್ಲಿ ಮೊದಲನೆ ಜ್ವರ, ಎರಡನೆ ಜ್ವರ ಎಂದು ನಾಲ್ಕು ಜ್ವರ ಎಣಿಸುತ್ತಾರೆ. ಪುಸ್ತಕದಲ್ಲಿ ಅದು ಪೊರೆ ಕಳಚುವುದು. ನಾಲ್ಕು ಸಲ ಕಳಚಿದರೆ ಐದು ಹಂತ, ಆಮೇಲೆ ಹಣ್ಣಾದ ಹುಳು ಚಂದ್ರಿಕೆಗೆ ಏರುತ್ತದೆ, ಗೂಡಿನೊಳಗೆ ಕೋಶಾವಸ್ಥೆ, ಕೊನೆಗೆ ಪತಂಗ. ಮೊಟ್ಟೆ, ಲಾರ್ವಾ, ಪ್ಯೂಪಾ, ಪ್ರೌಢ ಕೀಟ ಎಂದು ನಾಲ್ಕು ಹೆಸರು ಹೇಳಿದೊಡನೆ ಅವನು, "ಇಷ್ಟೇನಾ ಸಾರ್" ಎಂದ.

ಬೋಧನಾ ವಿಧಾನದ ಪ್ರಶ್ನೆಗಳಿಗೆ ಮಕ್ಕಳು ಬಹಳ ಹೆದರುತ್ತಾರೆ. ಅಷ್ಟು ಹೆದರುವಂಥದ್ದಲ್ಲ. ಪಿಯಾಜೆ ಎಂಬ ವಿದ್ವಾಂಸರು ಮಗುವಿನ ಬುದ್ಧಿ ಬೆಳೆಯುವುದನ್ನು ನಾಲ್ಕು ಘಟ್ಟ ಮಾಡಿದರು: ಎರಡು ವರ್ಷದವರೆಗೆ, ಎರಡರಿಂದ ಏಳು, ಏಳರಿಂದ ಹನ್ನೊಂದು, ಅಲ್ಲಿಂದ ಮುಂದೆ. ಐದು ವರ್ಷದ ಮೊಮ್ಮಗನ ಮುಂದೆ ಒಂದು ಪಾವು ನೀರನ್ನು ಅಗಲ ಬಟ್ಟಲಿನಿಂದ ಉದ್ದ ಲೋಟಕ್ಕೆ ಸುರಿದು ಯಾವುದರಲ್ಲಿ ಹೆಚ್ಚು ಎಂದು ಕೇಳಿ. ಉದ್ದ ಲೋಟದಲ್ಲಿ ಎನ್ನುತ್ತಾನೆ. ಏಳೆಂಟು ವರ್ಷದ ಅಕ್ಕ, ಎರಡೂ ಒಂದೇ ಎನ್ನುತ್ತಾಳೆ. ಆ ತಿಳಿವಳಿಕೆಗೆ ಸಂರಕ್ಷಣೆಯ ಪರಿಕಲ್ಪನೆ ಎಂದು ಹೆಸರು. ವೈಗೋಟ್‌ಸ್ಕಿ ಹೇಳಿದ್ದು, ಮಗು ತಾನೇ ಮಾಡಬಲ್ಲದ್ದಕ್ಕೂ ದೊಡ್ಡವರ ಆಸರೆಯಿಂದ ಮಾಡಬಲ್ಲದ್ದಕ್ಕೂ ನಡುವೆ ಇರುವ ಜಾಗವೇ ಕಲಿಕೆಯ ಜಾಗ ಎಂದು. ಇನ್ನು ಪ್ರಶ್ನೆ ಹೀಗೆ ಬರುತ್ತದೆ: ಶೇಂಗಾ ಬೇರು ಎಂದು ಮಗು ಹೇಳಿದರೆ ಶಿಕ್ಷಕರು ಏನು ಮಾಡಬೇಕು? ತಪ್ಪೆಂದು ಹೇಳಿ ಸರಿಯುತ್ತರ ಬರೆಸಬೇಕು. ಪುಸ್ತಕ ಮತ್ತೊಮ್ಮೆ ಓದಿಸಬೇಕು. ಹೊಲಕ್ಕೆ ಕರೆದುಕೊಂಡು ಹೋಗಿ ಹೂವಿನಿಂದ ಕಾಯಿಯವರೆಗೆ ನೋಡಿಸಬೇಕು. ಬುದ್ಧಿವಂತ ವಿದ್ಯಾರ್ಥಿಯಿಂದ ಉತ್ತರ ಹೇಳಿಸಬೇಕು. ಮಗು ತಾನೇ ನೋಡಿ ಕಂಡುಕೊಳ್ಳುವ ಉತ್ತರವೇ ಸರಿ ಎಂದು ಹಿಡಿದರೆ ಬಹುಪಾಲು ಗೆಲ್ಲಬಹುದು. ನಮ್ಮ ಶಾಲೆಗಳಲ್ಲಿ ಹಾಗೆ ನಡೆಯುತ್ತದೆಯೇ ಎಂಬುದು ಬೇರೆ ಮಾತು.

ಪದವಿಯಲ್ಲಿ ಗಣಿತ, ಭೌತಶಾಸ್ತ್ರ ಓದಿದವರು ಜೀವಶಾಸ್ತ್ರದಲ್ಲಿಯೂ, ಜೀವಶಾಸ್ತ್ರ ಓದಿದವರು ಗಣಿತದಲ್ಲಿಯೂ ಸೋಲುವುದು ಸಹಜ. ಇದಕ್ಕೆ ಔಷಧವೆಂದರೆ ಜೋಡಿ ಕಟ್ಟಿ ಓದಿಸುವುದು. ಒಬ್ಬರಿಗೊಬ್ಬರು ಹೇಳಿಕೊಟ್ಟರೆ ಕೋಚಿಂಗ್ ಫೀಸಿನಲ್ಲಿ ಅರ್ಧ ಉಳಿಯುತ್ತದೆ.

ಕರ್ನಾಟಕದ ಟೆಟ್ ಬರೆಯುವವರಿಗೂ ಪಾಠ ಹೆಚ್ಚುಕಡಿಮೆ ಇದೇ. ಅಲ್ಲಿಯೂ 150 ಅಂಕ, ಸಾಮಾನ್ಯ ವರ್ಗಕ್ಕೆ 90. ಆದರೆ ಆಂಧ್ರದ ನಮ್ಮ ಬಿ.ಸಿ. ಸರ್ಟಿಫಿಕೇಟು ಅಲ್ಲಿ ನಡೆಯುವುದಿಲ್ಲ, 75ರ ಆಸೆ ಇಟ್ಟುಕೊಳ್ಳಬೇಡಿ. ಲೇಪಾಕ್ಷಿಯಲ್ಲಿರುವಂಥ ನವೋದಯ ಶಾಲೆಗಳಿಗೆ ಕೇಂದ್ರದ ಸಿ–ಟೆಟ್ ಬೇಕು. ಇನ್ನೊಂದು ಮುಖ್ಯ ಸಂಗತಿ: ಡಿ.ಎಸ್.ಸಿ.ಯಲ್ಲಿ ಲೋಕಲ್, ನಾನ್‌ಲೋಕಲ್ ಎಂದು ನಿರ್ಧರಿಸುವುದು ಮಗು ಶಾಲೆ ಓದಿದ ಊರಿನ ಮೇಲೆ. ಮನೆ ಇಲ್ಲಿದ್ದು, ಹೈಸ್ಕೂಲು ಪಾವಗಡದಲ್ಲೋ ಚಳ್ಳಕೆರೆಯಲ್ಲೋ ಆಗಿದ್ದರೆ ತೊಡಕು ಬರಬಹುದು. ಶಾಲೆಗಳಿಂದ ಸ್ಟಡಿ ಸರ್ಟಿಫಿಕೇಟುಗಳನ್ನು ಈಗಲೇ ತೆಗೆದಿಡಿ. ಚಿಕ್ಕ ಮಕ್ಕಳನ್ನು ಶಾಲೆಗೆ ಸೇರಿಸುವವರೂ ಇದನ್ನು ಮೊದಲೇ ಯೋಚಿಸಬೇಕು.

ಆ ಹುಡುಗಿ ಮತ್ತೆ ಬರೆದಳು. ಶಿಶುವಿಕಾಸ 20, ಕನ್ನಡ 26, ಇಂಗ್ಲಿಷ್ 16, ಗಣಿತ 18, ವಿಜ್ಞಾನ 22, ಒಟ್ಟು 102. ಟೆಟ್ ತೂಕದಲ್ಲಿ 13.6. ನೌಕರಿಯ ಪಟ್ಟಿಯಲ್ಲಿ ಹೆಸರು ಬರಲು ಅದು ಸಾಲಲಿಲ್ಲ. ಅಂಕ ಏರಿಸಿಕೊಳ್ಳಲು ಇನ್ನೊಮ್ಮೆ ಬರೆಯುತ್ತೇನೆಂದು ಹೇಳಿದ್ದಾಳೆ, ತಂದೆ ಒಪ್ಪಿದ್ದಾರೆ. ಈಗ ಭಾನುವಾರದ ಓದಿಗೆ ಹೊಸಬರೊಬ್ಬರು ಸೇರಿದ್ದಾರೆ. ವಯಸ್ಸು ನಲವತ್ತೇಳು, ಬಹಳ ವರ್ಷಗಳಿಂದ ಶಿಕ್ಷಕರು. ನೌಕರಿ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಶಿಕ್ಷಕರೂ ಎರಡು ವರ್ಷದೊಳಗೆ ಟೆಟ್ ಪಾಸಾಗಬೇಕೆಂದು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ತೀರ್ಪು ಕೊಟ್ಟಿದ್ದರಿಂದ ಪುಸ್ತಕ ಹಿಡಿದು ಬಂದರು. ಅವರು ಹುಡುಗಿಗೆ ಗಣಿತ ಹೇಳಿಕೊಡುತ್ತಾರೆ, ಆಕೆ ಅವರಿಗೆ ಜೀವಶಾಸ್ತ್ರ.

ಓದಲು ಬರಬೇಕೆನ್ನುವವರು ಭಾನುವಾರ ಬೆಳಿಗ್ಗೆ ಪ್ರಸಾದದ ಹೊತ್ತಿಗೆ ಮುಂಚೆ ಬಂದು ಹೆಸರು ಬರೆಸಬಹುದು. ಮೂರು ಕಾಲಂನ ಲೆಡ್ಜರು ಕಚೇರಿಯಲ್ಲಿಯೇ ಇರುತ್ತದೆ, ನಕಲು ಮಾಡಿಕೊಳ್ಳಬಹುದು, ಮನೆಗೆ ಕೊಡುವುದಿಲ್ಲ. ಅರ್ಜಿ ತುಂಬಲು ಬರುವವರು ಹತ್ತನೆಯ ತರಗತಿಯ ಅಂಕಪಟ್ಟಿ, ಸ್ಟಡಿ ಸರ್ಟಿಫಿಕೇಟುಗಳು, ಜಾತಿ ಪ್ರಮಾಣಪತ್ರದ ಮೂಲ ಪ್ರತಿಯನ್ನು ತರಬೇಕು. ವರ್ಗದ ಕಾಲಂ ಬಂದಾಗ ನಾನು ಕೈ ತೆಗೆದು, ನಿಮ್ಮಿಂದಲೇ ಎರಡು ಸಲ ಓದಿಸಿ ಆಮೇಲೆ ಒತ್ತುತ್ತೇನೆ.